ಸಿಪ್ಯಾನೆಲ್‌ನಲ್ಲಿ ಎ ರೆಕಾರ್ಡ್ ಬದಲಿಸಿದರೂ ಹಳೆ ಸೈಟೇ ತೆರೆಯುತ್ತಿದೆ, ನೇಮ್‌ಸರ್ವರ್ ಬದಲಿಸಲೇ?

ಹೊಸ ಹೋಸ್ಟಿಂಗ್‌ನ ಸಿಪ್ಯಾನೆಲ್‌ನಲ್ಲಿ (ಹೋಸ್ಟಿಂಗ್ ನಿರ್ವಹಿಸುವ ಪ್ಯಾನೆಲ್) ಝೋನ್ ಎಡಿಟರ್ ತೆರೆದು ಎ ರೆಕಾರ್ಡ್‌ನ, ಅಂದರೆ ಡೊಮೈನ್ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ ಸಾಲಿನ, ಐಪಿ ಬದಲಿಸಿ ಎರಡು ದಿನವಾಯಿತು, ಏನೂ ಆಗಿಲ್ಲ, ಮೇಲ್ ಮಾತ್ರ ಬೇರೆ ಕಂಪನಿಯಲ್ಲಿದೆ ಎಂದಿದ್ದೀರಿ. ನೇಮ್‌ಸರ್ವರ್ (ಡೊಮೈನ್‌ನ ರೆಕಾರ್ಡ್‌ಗಳನ್ನು ಕೇಳಿದವರಿಗೆ ಹೇಳುವ ಸರ್ವರ್) ಬದಲಿಸಬಹುದು, ಆದರೆ ಇವತ್ತೇ ಬೇಡ. ಅವಸರ ಮಾಡಿದರೆ ಮೊದಲು ನಿಲ್ಲುವುದು ನಿಮ್ಮ ಮೇಲ್.

ಆಗಿರುವುದು ಇಷ್ಟು. ಹೊಸ ಖಾತೆ ತೆರೆದ ಕೂಡಲೇ ಸಿಪ್ಯಾನೆಲ್ ನಿಮ್ಮ ಡೊಮೈನ್‌ಗೆ ತಾನೇ ಒಂದು ಝೋನ್, ಅಂದರೆ ರೆಕಾರ್ಡ್‌ಗಳ ಪಟ್ಟಿ, ಮಾಡಿಡುತ್ತದೆ. ಅಲ್ಲಿ ಏನು ಬರೆದರೂ ಸೇವ್ ಆಗುತ್ತದೆ, ತಪ್ಪು ಎಂದು ಯಾರೂ ಹೇಳುವುದಿಲ್ಲ. ಆದರೆ ರಿಜಿಸ್ಟ್ರಾರ್ (ಡೊಮೈನ್ ನೋಂದಾಯಿಸಿದ ಕಂಪನಿ) ಹತ್ತಿರ ಹಳೆ ನೇಮ್‌ಸರ್ವರ್ ಹೆಸರೇ ಇರುವವರೆಗೆ ಎಲ್ಲರೂ ಹೋಗಿ ಕೇಳುವುದು ಹಳೆಯದನ್ನೇ. ಹೊಸ ಝೋನನ್ನು ಓದುವವರೇ ಇಲ್ಲ. ಅದಕ್ಕೇ ನಾನು ಯಾವ ಡೊಮೈನ್ ಕೆಲಸ ಬಂದರೂ ಪ್ಯಾನೆಲ್ ತೆರೆಯುವ ಮುಂಚೆ ಎನ್‌ಎಸ್‌ಲುಕಪ್ ಎಂಬ ಕಮಾಂಡ್‌ನಲ್ಲಿ ಟೈಪ್ ಎನ್‌ಎಸ್ (ನೇಮ್‌ಸರ್ವರ್) ಕೊಟ್ಟು ನೋಡುತ್ತೇನೆ. ಉತ್ತರದಲ್ಲಿ ಯಾರ ನೇಮ್‌ಸರ್ವರ್ ಬರುತ್ತದೋ ಅವರ ಪ್ಯಾನೆಲ್‌ನಲ್ಲೇ ರೆಕಾರ್ಡ್ ತಿದ್ದಬೇಕು.

ಆ ಡಿಎನ್‌ಎಸ್, ಅಂದರೆ ಈ ರೆಕಾರ್ಡ್‌ಗಳನ್ನು ಇಟ್ಟು ಉತ್ತರಿಸುವ ವ್ಯವಸ್ಥೆ, ರಿಜಿಸ್ಟ್ರಾರ್ ಕಡೆಯೇ ಇದ್ದರೆ ನಿಮಗೆ ಸುಲಭ. ಅಲ್ಲಿ ಎ ರೆಕಾರ್ಡ್‌ನ ಐಪಿ ಬದಲಿಸಿ, ಬೇರೆ ಯಾವುದನ್ನೂ ಮುಟ್ಟಬೇಡಿ. ಹಳೆ ಎಎಎಎ ರೆಕಾರ್ಡ್ (ಐಪಿವಿ6 ಎಂಬ ಹೊಸ ಬಗೆಯ ಐಪಿಯ ಸಾಲು) ಇದೆಯಾ ಅಂತಲೂ ನೋಡಿ, ಇದ್ದರೆ ಐಪಿವಿ6 ಇರುವವರು ಹಳೆ ಸರ್ವರ್‌ಗೇ ಹೋಗುತ್ತಿರುತ್ತಾರೆ. ಮೇಲ್ ಬೇರೆ ಕಡೆ ಇರುವವರಿಗೆ ನಾನು ಹೇಳುವುದು ಇದೇ ದಾರಿ.

ಡಿಎನ್‌ಎಸ್ ಹಳೆ ಹೋಸ್ಟಿಂಗ್‌ನಲ್ಲೇ ಇದ್ದು, ಆ ಖಾತೆ ಮುಚ್ಚುವವರಿದ್ದರೆ ನೇಮ್‌ಸರ್ವರ್ ಬದಲಿಸಲೇಬೇಕು. ಹಾಗಿದ್ದರೆ ಮೊದಲು ಹಳೆ ಝೋನ್‌ನ ಪ್ರತಿ ಸಾಲನ್ನೂ ಹೊಸದಕ್ಕೆ ತನ್ನಿ. ಸಿಪ್ಯಾನೆಲ್ ತಾನಾಗಿ ಹಾಕಿರುವ ಎಂಎಕ್ಸ್ (ಮೇಲ್ ಯಾವ ಸರ್ವರ್‌ಗೆ ಬರಬೇಕೆಂಬ ರೆಕಾರ್ಡ್) ನಿಮ್ಮ ಡೊಮೈನನ್ನೇ ತೋರಿಸುತ್ತಿರುತ್ತದೆ. ಅದನ್ನು ತೆಗೆದು ಮೇಲ್ ಕಂಪನಿಯದ್ದನ್ನು ಹಾಕಿ. ಎಸ್‌ಪಿಎಫ್ (ನಿಮ್ಮ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದೆಂಬ ರೆಕಾರ್ಡ್) ಒಂದೇ ಇರಬೇಕು. ಸಿಪ್ಯಾನೆಲ್ ತಾನಾಗಿ ಹಾಕಿದ್ದನ್ನು ಹಾಗೇ ಬಿಟ್ಟು ನೀವು ಇನ್ನೊಂದು ಸೇರಿಸಿದರೆ ಎರಡೂ ಕೆಲಸಕ್ಕೆ ಬರುವುದಿಲ್ಲ. ಡಿಕಿಮ್ ರೆಕಾರ್ಡನ್ನು (ಮೇಲ್‌ನ ಸಹಿ ಪರೀಕ್ಷಿಸುವ ಕೀ) ಹಳೆ ಪ್ಯಾನೆಲ್‌ಗೆ ಹೋಗಿಯೇ ಕಾಪಿ ಮಾಡಬೇಕು. ಅದರ ಸೆಲೆಕ್ಟರ್ (ಯಾವ ಕೀ ಎಂದು ಹೇಳುವ ಹೆಸರು) ಗೊತ್ತಿಲ್ಲದೆ ಹೊರಗಿನಿಂದ ಹುಡುಕಿದರೆ ಸಿಗುವುದಿಲ್ಲ.

ಬಹಳ ಜನ ಮರೆಯುವುದು ಇಮೇಲ್ ರೂಟಿಂಗ್. ಸಿಪ್ಯಾನೆಲ್‌ನ ಈ ಪುಟದಲ್ಲಿ ಲೋಕಲ್ ಮೇಲ್ ಎಕ್ಸ್‌ಚೇಂಜರ್ ಎಂದಿದ್ದರೆ ನಿಮ್ಮ ಸೈಟ್‌ನ ಕಾಂಟ್ಯಾಕ್ಟ್ ಫಾರ್ಮ್ ನಿಮ್ಮದೇ ವಿಳಾಸಕ್ಕೆ ಕಳಿಸುವ ಮೇಲ್ ಹೊರಗೇ ಹೋಗುವುದಿಲ್ಲ, ಅದೇ ಸರ್ವರ್‌ನಲ್ಲಿ ಉಳಿದುಬಿಡುತ್ತದೆ. ಎಂಎಕ್ಸ್ ಸರಿಯಾಗಿದೆ, ಬೇರೆಯವರ ಮೇಲ್ ಬರುತ್ತಿದೆ, ಫಾರ್ಮ್‌ನದ್ದು ಮಾತ್ರ ಇಲ್ಲ ಎಂದರೆ ಕಾರಣ ಬಹುತೇಕ ಇದೇ. ರಿಮೋಟ್ ಎಂದು ಆರಿಸಿ.

ಎಲ್ಲ ತುಂಬಿದ ಮೇಲೆ, ನೇಮ್‌ಸರ್ವರ್ ಬದಲಿಸುವ ಮುಂಚೆಯೇ ಪರೀಕ್ಷೆ ಮಾಡಬಹುದು. ಎನ್‌ಎಸ್‌ಲುಕಪ್‌ನಲ್ಲಿ ಡೊಮೈನ್ ಹೆಸರಾದ ಮೇಲೆ ಹೊಸ ನೇಮ್‌ಸರ್ವರ್ ಹೆಸರನ್ನೂ ಬರೆದರೆ ಪ್ರಶ್ನೆ ನೇರ ಅದಕ್ಕೇ ಹೋಗುತ್ತದೆ. ಎ, ಎಂಎಕ್ಸ್, ಟಿಎಕ್ಸ್‌ಟಿ (ಎಸ್‌ಪಿಎಫ್ ಇರುವುದು ಇದರಲ್ಲೇ) ಮೂರನ್ನೂ ಹೀಗೆ ಕೇಳಿ. ಉತ್ತರದಲ್ಲಿ ಡೊಮೈನ್ ಹೆಸರು ಎರಡೆರಡು ಸಲ ಬಂದಿದ್ದರೆ ಆ ರೆಕಾರ್ಡ್ ಬರೆಯುವಾಗ ಕೊನೆಯ ಚುಕ್ಕಿ ಬಿಟ್ಟುಹೋಗಿದೆ ಎಂದರ್ಥ. ಚುಕ್ಕಿ ಇಲ್ಲದ ಹೆಸರಿಗೆ ಝೋನ್ ತನ್ನ ಡೊಮೈನನ್ನು ತಾನೇ ಅಂಟಿಸಿಕೊಳ್ಳುತ್ತದೆ.

ಡಿಎನ್‌ಎಸ್‌ಸೆಕ್ (ಡಿಎನ್‌ಎಸ್ ಉತ್ತರಗಳಿಗೆ ಸಹಿ ಹಾಕುವ ಭದ್ರತೆ) ಆನ್ ಆಗಿದ್ದರೆ ರಿಜಿಸ್ಟ್ರಾರ್ ಬಳಿ ಇರುವ ಡಿಎಸ್ ರೆಕಾರ್ಡನ್ನು (ಆ ಸಹಿಯ ಕೀಯ ಗುರುತು) ಮೊದಲು ತೆಗೆಯಿರಿ. ಒಂದೆರಡು ದಿನ ಕಾದು ಆಮೇಲೆ ನೇಮ್‌ಸರ್ವರ್ ಬದಲಿಸಿ. ಇಲ್ಲದಿದ್ದರೆ ಸೈಟ್, ಮೇಲ್ ಎರಡೂ ಸಿಗದ ಹಾಗೆ ಆಗುತ್ತದೆ.

ಬದಲಾವಣೆ ಎಲ್ಲರಿಗೂ ತಲುಪಲು ಹೊತ್ತು ಹಿಡಿಯುತ್ತದೆ. ಡಾಟ್ ಕಾಮ್‌ನಲ್ಲಿ ನೇಮ್‌ಸರ್ವರ್ ಮಾಹಿತಿಯ ಟಿಟಿಎಲ್ (ಒಮ್ಮೆ ಸಿಕ್ಕ ಉತ್ತರವನ್ನು ನೆನಪಿಟ್ಟುಕೊಳ್ಳುವ ಅವಧಿ) 172800 ಸೆಕೆಂಡ್, ಅಂದರೆ ಎರಡು ದಿನ. ಅಷ್ಟು ಹೊತ್ತು ಕೆಲವರು ಹಳೆ ನೇಮ್‌ಸರ್ವರನ್ನೇ ಕೇಳುತ್ತಿರಬಹುದು. ಹಾಗಾಗಿ ಹಳೆ ಝೋನ್‌ನಲ್ಲೂ ಎ ರೆಕಾರ್ಡ್‌ಗೆ ಹೊಸ ಐಪಿ ಕೊಟ್ಟುಬಿಡಿ. ಹಳೆ ಖಾತೆಯನ್ನು ಕನಿಷ್ಠ ಮೂರು ನಾಲ್ಕು ದಿನ ಮುಚ್ಚಬೇಡಿ.