ಮುಂಬೈಯಲ್ಲಿ ಕಸದ ಕಾನೂನಿಗೂ ಹೊಸ ಕಟ್ಟಡಕ್ಕೂ ಏನು ಸಂಬಂಧ?

ನೇರ ಸಂಬಂಧವಿದೆ. ಊರಿನ ಕಸಕ್ಕೆ ಸರಿಯಾದ ಗತಿ ಕಾಣಿಸದಿದ್ದರೆ ಬಿಲ್ಡರ್‌ಗೆ ಅನುಮತಿಯೇ ನಿಂತುಹೋಗಬಹುದು, ಒಮ್ಮೆ ನಿಂತೂ ಇತ್ತು. ದೇವನಾರ್, ಮುಲುಂಡ್ ಡಂಪಿಂಗ್ ಗ್ರೌಂಡ್‌ಗಳಲ್ಲಿ ಪಾಲಿಕೆ ಕಸದ ನಿಯಮ ಪಾಲಿಸುತ್ತಿಲ್ಲವೆಂದು ಬಾಂಬೆ ಹೈಕೋರ್ಟ್ 2016ರ ಫೆಬ್ರವರಿಯಲ್ಲಿ ಹೊಸ ಕಟ್ಟಡಗಳಿಗೆ ತಡೆ ಹಾಕಿತು. ಹಳೆಯದನ್ನು ಕೆಡವಿ ಕಟ್ಟುವ ರೀಡೆವಲಪ್‌ಮೆಂಟ್‌ಗೆ ವಿನಾಯಿತಿ ಕೊಟ್ಟಿತು. ಮನೆ ಹೆಚ್ಚಿದಷ್ಟೂ ಕಸ ಹೆಚ್ಚುತ್ತದೆ, ಹಾಕಲು ಜಾಗವಿಲ್ಲ, ಲೆಕ್ಕ ಇಷ್ಟೇ. ಸುಪ್ರೀಂ ಕೋರ್ಟ್ ಇದನ್ನು ಸಡಿಲಿಸಿದ್ದು 2018ರ ಮಾರ್ಚ್‌ನಲ್ಲಿ, ಅದೂ ಆರು ತಿಂಗಳ ಮಟ್ಟಿಗೆ. ಡೆಬ್ರಿಸ್, ಅಂದರೆ ಕಟ್ಟಡದ ಕಲ್ಲುಮಣ್ಣು, ಗೊತ್ತುಪಡಿಸಿದ ಜಾಗಕ್ಕೇ ಹೋಗಬೇಕೆಂಬ ಷರತ್ತಿನ ಮೇಲೆ.

ಎರಡನೆಯ ಪರಿಣಾಮ ಕಟ್ಟಡದ ಒಳಗೇ ಕಾಣುತ್ತದೆ. 20,000 ಚದರ ಮೀಟರ್ ಮೀರಿದ ಅಥವಾ ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಬರುವ ಹೌಸಿಂಗ್ ಸೊಸೈಟಿಗಳು ಹಸಿಕಸವನ್ನು ಆವರಣದಲ್ಲೇ ವಿಲೇವಾರಿ ಮಾಡಬೇಕೆಂದು ಪಾಲಿಕೆ 2017ರಲ್ಲಿ ಹೇಳಿತು. ಹಾಗಾಗಿ ಗೊಬ್ಬರದ ಗುಂಡಿಗೋ ಯಂತ್ರಕ್ಕೋ ಬಿಲ್ಡರ್ ಜಾಗ ಬಿಡಬೇಕು. ಆ ಖರ್ಚು ಕೊನೆಗೆ ಬರುವುದು ನಿಮ್ಮ ಮೇಂಟೆನೆನ್ಸ್ ಬಿಲ್ಲಿಗೇ!

ನೀವು ಮುಲುಂಡ್‌ನಲ್ಲಿ ಫ್ಲಾಟ್ ನೋಡುತ್ತಿದ್ದರೆ, ಬುಕ್ ಮಾಡುವ ಮುಂಚೆ ಹಸಿಕಸಕ್ಕೆ ಬಿಟ್ಟ ಜಾಗ ನಕ್ಷೆಯಲ್ಲಿ ಎಲ್ಲಿದೆ ಎಂದು ಕೇಳಿ. ಯಂತ್ರ ತೋರಿಸಿದರೆ ಸಾಲದು, ಅದನ್ನು ದಿನಾ ನಡೆಸುವವರು ಯಾರೆಂದೂ ವಿಚಾರಿಸಿ.