ಸಾಲ ಮುಚ್ಚಿಟ್ಟಿದ್ದು ಹೆಂಡತಿಗೆ ಗೊತ್ತಾಗಿದೆ. ಎಷ್ಟು ಸಲ ಕ್ಷಮೆ ಕೇಳಿದರೂ ಸಿಟ್ಟು ಇಳಿಯುತ್ತಿಲ್ಲ, ಏನು ಮಾಡಲಿ?

ಮೂರು ತಿಂಗಳಿಂದ ದಿನವೂ ಕ್ಷಮೆ ಕೇಳುತ್ತಿದ್ದೇನೆ ಎಂದು ಬರೆದಿದ್ದೀರಿ. ಇಂಥ ಕಡೆ ನಾನು ಮೊದಲು ಕೇಳುವುದು ಒಂದೇ: ಅವರಿಗೆ ಎಲ್ಲ ಗೊತ್ತಾಗಿದೆಯೇ, ಅಥವಾ ನೀವು ಸಿಕ್ಕಿಬಿದ್ದಷ್ಟು ಮಾತ್ರವೇ? ಮೊದಲ ಸುಳ್ಳಿಗಿಂತ ಕಂತಿನಲ್ಲಿ ಹೊರಬರುವ ಸತ್ಯ ಹೆಚ್ಚು ಹಾಳು ಮಾಡುತ್ತದೆ. ಪ್ರತಿ ಹೊಸ ಸಂಗತಿ ಹೊರಬಿದ್ದಾಗಲೂ ‘ಇನ್ನೂ ಏನೇನಿದೆಯೋ’ ಎನ್ನುವ ಅನುಮಾನ ಮೊದಲಿನಿಂದ ಶುರುವಾಗುತ್ತದೆ.

ಹಾಗಾಗಿ ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆಯಿರಿ: ಯಾರಲ್ಲಿ ಸಾಲ, ಯಾವಾಗ ತೆಗೆದದ್ದು, ಅಸಲು, ಬಡ್ಡಿ, ಉಳಿದ ಬಾಕಿ, ಕಂತಿನ ತಾರೀಖು, ಏನು ಅಡ ಇಟ್ಟಿದ್ದೀರಿ, ಯಾರು ಜಾಮೀನು. ಸ್ನೇಹಿತರ ಕೈಸಾಲ, ಆ್ಯಪ್ ಸಾಲ, ಕಾರ್ಡಿನ ಬಾಕಿ ಬಿಟ್ಟುಹೋಗುವುದು ಹೆಚ್ಚು. ಈ ವಿಷಯ ಮೊದಲೇ ಯಾರಿಗೆಲ್ಲ ಗೊತ್ತಿತ್ತು ಎಂಬುದನ್ನೂ ಸೇರಿಸಿ. ‘ನನಗೊಬ್ಬಳಿಗೇ ಗೊತ್ತಿರಲಿಲ್ಲ’ ಎನ್ನುವ ನೋವು ದುಡ್ಡಿನದಕ್ಕಿಂತ ದೊಡ್ಡದಿರಬಹುದು. ಹಾಳೆ ಕೊಡುವಾಗ ಕಾರಣ ಹೇಳಬೇಡಿ. ಕೇಳಿದರೆ ಹೇಳಿ.

ಕ್ಷಮೆ ಕೇಳುವಾಗ ಮಾಡಿದ್ದನ್ನು ಹೆಸರಿಟ್ಟು ಹೇಳಿ, ಅದರಿಂದ ಅವರಿಗೆ ಏನಾಯಿತು ಎಂಬುದನ್ನೂ ಹೇಳಿ. ‘ಆದರೆ’ ಬಂದರೆ ಮುಂಚೆ ಹೇಳಿದ್ದೆಲ್ಲ ನೀರುಪಾಲು. ‘ನಾನು ಯಾವುದಕ್ಕೂ ಲಾಯಕ್ಕಿಲ್ಲ’ ಎಂದು ಅತ್ತರೆ ಅವರೇ ನಿಮ್ಮನ್ನು ಸಮಾಧಾನಪಡಿಸಬೇಕಾಗುತ್ತದೆ. ಉಡುಗೊರೆ ಬೇಡವೇ ಬೇಡ (ಅದರ ದುಡ್ಡು ಎಲ್ಲಿಂದ ಬಂತು ಎಂಬ ಪ್ರಶ್ನೆ ಏಳುತ್ತದೆ!). ತವರಿನವರನ್ನು ರಾಜಿಗೆ ಕರೆಯಬೇಡಿ.

ಕೇಳಿದ್ದನ್ನೇ ಹತ್ತು ಸಲ ಕೇಳುತ್ತಾರೆ. ಚುಚ್ಚುವುದಕ್ಕಲ್ಲ, ಉತ್ತರ ಬದಲಾಗುತ್ತದೆಯೇ ಎಂದು ನೋಡುವುದಕ್ಕೆ. ಹತ್ತನೇ ಸಲವೂ ಅದೇ ಉತ್ತರ, ಅದೇ ದನಿಯಲ್ಲಿ ಕೊಡಿ. ‘ಇನ್ನೂ ಎಷ್ಟು ದಿನ?’ ಎಂದು ಮಾತ್ರ ಕೇಳಬೇಡಿ.

ಜಗಳ ಏರಿದಾಗ ಎದೆಬಡಿತ ನಿಮಿಷಕ್ಕೆ 100 ದಾಟಿದರೆ ಎದುರಿನವರ ಮಾತು ತಲೆಗೆ ಹೋಗುವುದು ಕಷ್ಟ. ಆಗ ವಿರಾಮ ತೆಗೆದುಕೊಳ್ಳಿ, ಕನಿಷ್ಠ 20 ನಿಮಿಷ. ಮೈ ತಣ್ಣಗಾಗಲು ಅಷ್ಟಾದರೂ ಬೇಕು. ಸುಮ್ಮನೆ ಎದ್ದುಹೋದರೆ ಅದು ಇನ್ನೊಂದು ತಪ್ಪಿಸಿಕೊಳ್ಳುವಿಕೆಯಾಗಿ ಕಾಣುತ್ತದೆ. ‘ಒಂಬತ್ತಕ್ಕೆ ಬರುತ್ತೇನೆ’ ಎಂದು ಹೇಳಿ ಹೋಗಿ, ಒಂಬತ್ತಕ್ಕೇ ಬನ್ನಿ, ಮಾತು ನೀವೇ ಎತ್ತಿ. ಆ ಹೊತ್ತಿನಲ್ಲಿ ಮನಸ್ಸಿನಲ್ಲೇ ವಾದ ಕಟ್ಟುತ್ತಾ ಕೂತರೆ ವಿರಾಮ ದಂಡ.

ವಾರಕ್ಕೊಮ್ಮೆ ನಿಗದಿತ ದಿನ ಅರ್ಧ ಗಂಟೆ, ಅವರು ಕೇಳುವ ಮುಂಚೆಯೇ ಖಾತೆಯ ಲೆಕ್ಕ ಮುಂದಿಡಿ. ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಡುವುದು ಇದೇ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಪತ್ತೇದಾರಿಯ ಹೊರೆ ಅವರ ತಲೆಯಿಂದ ಇಳಿಯುತ್ತದೆ. ಫೋನಿನ ಪಾಸ್‌ವರ್ಡ್ ಕೇಳಿದರೆ ಕೊಡಿ, ಆದರೆ ಆ ಏರ್ಪಾಡು ಇನ್ನೂ ಬೇಕೇ ಎಂದು ಇಬ್ಬರೂ ಕೂತು ನೋಡಲು ಒಂದು ತಾರೀಖು ಇಟ್ಟುಕೊಳ್ಳಿ. ಸಿಟ್ಟಿನ ಜಾಗದಲ್ಲಿ ಭಯ ಇದ್ದರೆ, ಅಂದರೆ ನೀವು ಕೈ ಎತ್ತಿದ್ದರೆ ಅಥವಾ ಬೆದರಿಸಿದ್ದರೆ, ಇದ್ಯಾವುದೂ ಅನ್ವಯಿಸುವುದಿಲ್ಲ. ಆಗ ಅವರ ಸುರಕ್ಷತೆಯೇ ಮೊದಲು, ಆಪ್ತಸಮಾಲೋಚನೆಗೂ ನೀವು ಒಬ್ಬರೇ ಹೋಗಬೇಕು.