ವಾಸಾ ಹಡಗು ಮೊದಲ ಯಾನದಲ್ಲೇ ಮುಳುಗಿದ್ದು ಯಾಕೆ?

ಸುಲಭವಾಗಿ ಹೇಳಬೇಕಂದ್ರೆ, ಮೇಲೆ ಭಾರ ಜಾಸ್ತಿ, ತಳದಲ್ಲಿ ಕಡಿಮೆ. ಸ್ವೀಡನ್‌ನ ರಾಜ ಎರಡನೇ ಗುಸ್ತಾವ್ ಅಡಾಲ್ಫ್ ಕಟ್ಟಿಸಿದ ಈ ಮರದ ಯುದ್ಧನೌಕೆಯಲ್ಲಿ 64 ಫಿರಂಗಿಗಳಿದ್ದವು. ಹೊರಡುವ ಮೊದಲೇ ಒಂದು ಪರೀಕ್ಷೆ ನಡೆದಿತ್ತು. 30 ಜನ ಡೆಕ್ ಮೇಲೆ ಆ ಬದಿಯಿಂದ ಈ ಬದಿಗೆ ಓಡಿದರು. ಮೂರನೇ ಸಲಕ್ಕೆ ಹಡಗು ಎಷ್ಟು ತೂಗಾಡಿತೆಂದರೆ, ನೌಕಾಧಿಕಾರಿ ಸಾಕು ಎಂದು ನಿಲ್ಲಿಸಿಬಿಟ್ಟ. ಆದರೂ ಹಡಗು ಬಿಟ್ಟರು! ರಾಜನಿಗೆ ಅವಸರ, ಎದುರು ಹೇಳೋರು ಯಾರು?

1628ರ ಆಗಸ್ಟ್ 10ರಂದು ಸ್ಟಾಕ್‌ಹೋಮ್‌ನಿಂದ ಹೊರಟು ಸುಮಾರು 1300 ಮೀಟರ್ ಹೋಗಿತ್ತಷ್ಟೆ. ಗಾಳಿ ಬೀಸಿ ಎಡಕ್ಕೆ ವಾಲಿತು. ಗೌರವದ ತೋಪು ಹಾರಿಸಲೆಂದು ತೆರೆದಿದ್ದ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿತು. ದಡದಲ್ಲಿದ್ದವರು ನೋಡನೋಡುತ್ತಿದ್ದಂತೆ ಮುಳುಗಿತು. ಸುಮಾರು 30 ಜನ ಸತ್ತರು. ವಿಚಾರಣೆ ಆಯಿತು, ಶಿಕ್ಷೆ ಮಾತ್ರ ಯಾರಿಗೂ ಆಗಲಿಲ್ಲ.

ಹಡಗು ಮುಳುಗಿದ ಬಾಲ್ಟಿಕ್ ಸಮುದ್ರದ ನೀರಲ್ಲಿ ಉಪ್ಪು ಕಡಿಮೆ, ಮರ ಕೊರೆಯುವ ಹುಳು ಅಲ್ಲಿ ಬದುಕುವುದಿಲ್ಲ. ಹಾಗಾಗಿ 1961ರಲ್ಲಿ ಮೇಲೆತ್ತಿದಾಗ ಹಡಗಿನ ಬಹುಪಾಲು ಹಾಗೇ ಇತ್ತು. ಒಣಗಿ ಬಿರುಕು ಬಿಡದಿರಲೆಂದು ಅದಕ್ಕೆ 17 ವರ್ಷ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಮೇಣದಂಥ ರಾಸಾಯನಿಕ ಸಿಂಪಡಿಸಿದರು. ಈಗ ಸ್ಟಾಕ್‌ಹೋಮ್‌ನಲ್ಲೇ ಮ್ಯೂಸಿಯಂನಲ್ಲಿದೆ.